ಆಕ್ವಿ ಡಿವಿಜನ್ನಿನ ಸಿಪಾಯಿಗಳ ಬಗ್ಗೆ, ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಿನಲ್ಲಿ "ಎರಡನೇ ಮಹಾಯುದ್ಧದಲ್ಲಿ ಇಟಲಿಯವರು ಕೈ ಎತ್ತಿದ್ದೇ ಜಾಸ್ತಿ" ಅಂದೆಯಲ್ಲ, ಆ ಮಾತು ಇನ್ನೂ ಕೊರೆಯುತ್ತಿದೆ. ಇಟಲಿ ಸೈನ್ಯದ ಆಕ್ವಿ ಡಿವಿಜನ್ ಅನ್ನುವ ಪಡೆಯ ಕಥೆ ಗೊತ್ತಿದ್ದರೆ ನೀನು ಹಾಗೆ ಅನ್ನುತ್ತಿರಲಿಲ್ಲ.

ಅವರೇನೂ ದೇವತೆಗಳಲ್ಲ. 1940ರಲ್ಲಿ ಮುಸೊಲಿನಿ ಈ ಪಡೆಯನ್ನು ಮೊದಲು ಫ್ರಾನ್ಸ್ ಮೇಲೆ, ಆಮೇಲೆ ಅಲ್ಬೇನಿಯಾದಲ್ಲಿ ಗ್ರೀಕರ ವಿರುದ್ಧ ಕಳಿಸಿದ್ದ. ಕೊನೆಗೆ ಗ್ರೀಸಿನ ಕೆಫಲೋನಿಯಾ ದ್ವೀಪದಲ್ಲಿ ಬೀಡುಬಿಟ್ಟಿತು. ಅಲ್ಲಿನ ಜನರಿಗೆ ಇವರೂ ಬೇಡದ ಪರದೇಶಿ ಸೈನಿಕರೇ.

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳ ಜೊತೆ ಕದನವಿರಾಮ ಸಾರಿತು. ನಿನ್ನೆಯವರೆಗೆ ಜೊತೆಗಿದ್ದ ಜರ್ಮನ್ನರು "ಬಂದೂಕು ಕೆಳಗಿಡಿ" ಅಂದರು. ದ್ವೀಪದಲ್ಲಿದ್ದ ಇಟಾಲಿಯನ್ನರು ಸುಮಾರು 11,500 ಮಂದಿ, ಜರ್ಮನ್ನರು ಅದಕ್ಕಿಂತ ತುಂಬಾ ಕಡಿಮೆ. ಆದರೂ ಆಕ್ವಿಯ ಮುಖ್ಯಸ್ಥ ಜನರಲ್ ಅಂತೋನಿಯೋ ಗಾಂದಿನ್ ದಿನಗಟ್ಟಲೆ ಮಾತುಕತೆಯಲ್ಲೇ ಕಳೆದ. ಜರ್ಮನ್ನರಿಂದಲೇ ಐರನ್ ಕ್ರಾಸ್ ಪದಕ ಪಡೆದಿದ್ದವನು ಅವನು. ಆದರೆ ಫಿರಂಗಿ ದಳದ ಅಪೊಲೋನಿಯೋ, ಪಂಪಲೋನಿಯಂಥ ಕಿರಿಯ ಅಧಿಕಾರಿಗಳು ಕಾಯಲಿಲ್ಲ. 13ರಂದು ಅರ್ಗೋಸ್ತೋಲಿ ಬಂದರಿನತ್ತ ಬಂದ ಜರ್ಮನ್ ದೋಣಿಗಳ ಮೇಲೆ ಗುಂಡು ಹಾರಿಸಿಯೇಬಿಟ್ಟರು.

ಆಮೇಲೆ ನಡೆದದ್ದು ನನ್ನನ್ನು ಹಿಡಿದು ಕೂರಿಸುತ್ತದೆ. ಸಿಪಾಯಿಗಳನ್ನೇ ಕೇಳಲಾಯಿತು: ಜರ್ಮನ್ನರ ಜೊತೆ ಹೋಗೋಣವೇ, ಆಯುಧ ಕೊಟ್ಟುಬಿಡೋಣವೇ, ಹೋರಾಡೋಣವೇ? ಸೈನ್ಯ ಅಂದರೆ ಹೇಳಿದ್ದನ್ನು ಮಾಡುವ ಜಾಗ ಅಲ್ವಾ? ಅಲ್ಲಿ ಸಿಪಾಯಿಯ ಅಭಿಪ್ರಾಯ ಯಾರು ಕೇಳುತ್ತಾರೆ? ವರ್ಷಗಳಿಂದ ಮನೆ ಮುಖ ನೋಡದವರು, ಆಯುಧ ಕೊಟ್ಟು ಊರಿಗೆ ಹೋಗುವ ಆಸೆ ಕಣ್ಣೆದುರೇ ಇತ್ತು. ಹೆಚ್ಚಿನವರು ಹೋರಾಡೋಣ ಅಂದರು.

15ರಿಂದ 22ರವರೆಗೆ ಕಾದಾಡಿದರು. ಮೇಲಿಂದ ಸ್ಟೂಕಾ ವಿಮಾನಗಳ ಬಾಂಬು, ಸಮುದ್ರದ ಕಡೆಯಿಂದ ಜರ್ಮನ್ ಪರ್ವತ ಪಡೆ. ಇಟಲಿಯಿಂದ ನೆರವು ಬರಲಿಲ್ಲ. ಕೆಫಲೋನಿಯಾದಲ್ಲಿ ಯಾರನ್ನೂ ಸೆರೆ ಹಿಡಿಯಬೇಡಿ ಅಂತ ಹಿಟ್ಲರನ ಆದೇಶವೇ ಇತ್ತು. ಶರಣಾದವರನ್ನೂ ಸಾಲು ನಿಲ್ಲಿಸಿ ಕೊಂದರು. 24ರಂದು ಗಾಂದಿನ್‌ನನ್ನು ಕೊಂದ ಮೇಲೆ ಅಧಿಕಾರಿಗಳ ಸರದಿ. ಸ್ಯಾನ್ ತೆಯೊದೋರೊ ಭೂಶಿರದ ಹತ್ತಿರ, 'ಕೆಂಪು ಮನೆ' ಅನ್ನುವ ಕಟ್ಟಡದ ಬಳಿ, ಸಣ್ಣ ಸಣ್ಣ ಗುಂಪು ಮಾಡಿ ಗುಂಡಿಕ್ಕಿದರು. ಸತ್ತವರು 5,000 ಅಂತ ಬಹಳ ಕಾಲ ಹೇಳುತ್ತಿದ್ದರು, ಈಚೆಗೆ ಕೆಲವು ಇತಿಹಾಸಕಾರರು ಕಡಿಮೆ ಲೆಕ್ಕ ಕೊಡುತ್ತಾರೆ. ಎಷ್ಟೋ ಹೆಣಗಳನ್ನು ಸುಟ್ಟರು, ಸಮುದ್ರಕ್ಕೆ ಎಸೆದರು. ಬದುಕುಳಿದ ಕೈದಿಗಳನ್ನು ಸಾಗಿಸುತ್ತಿದ್ದ ಅರ್ದೆನಾ ಹಡಗು ಸಮುದ್ರದಲ್ಲಿ ಹುದುಗಿಸಿಟ್ಟ ಮೈನ್ ಸ್ಫೋಟಕಕ್ಕೆ ಸಿಕ್ಕಿ ಮುಳುಗಿದಾಗ ಮತ್ತೆ ನೂರಾರು ಜನ ಸತ್ತರು.

ಪಂಪಲೋನಿಯ ಕುತ್ತಿಗೆಗೂ ಹಿಂದಿನಿಂದ ಗುಂಡು ಹಾರಿಸಿದರು. ಅದು ತೂರಿಕೊಂಡು ಹೋಯಿತು, ಪ್ರಾಣ ಹೋಗಲಿಲ್ಲ. ತನ್ನ ಹುಡುಗರ ಹೆಣಗಳ ನಡುವೆ ಸತ್ತವನಂತೆ ಬಿದ್ದಿದ್ದು ಎದ್ದ. ಆಮೇಲೆ ಗ್ರೀಕ್ ಗೆರಿಲ್ಲಾಗಳ ಜೊತೆ ಸೇರಿ ಜರ್ಮನ್ನರ ವಿರುದ್ಧವೇ ಹೋರಾಡಿದ. ನಿನ್ನೆಯವರೆಗೆ ಆಕ್ರಮಣಕಾರನಾಗಿದ್ದವನನ್ನು ಗ್ರೀಕರು ಜೊತೆಗೆ ಸೇರಿಸಿಕೊಂಡರು ನೋಡು, ಅದೂ ದೊಡ್ಡದೇ.

ನ್ಯಾಯದ ಮಾತು ಕೇಳಿದರೆ ನಿನಗೂ ಸಿಟ್ಟು ಬರುತ್ತದೆ. ಆ ಜರ್ಮನ್ ಪರ್ವತ ಪಡೆಯ ಮೇಲಧಿಕಾರಿ ಜನರಲ್ ಹೂಬರ್ಟ್ ಲಾಂಜ್‌ಗೆ 1948ರಲ್ಲಿ ನ್ಯೂರೆಂಬರ್ಗಿನ ಯುದ್ಧಾಪರಾಧ ವಿಚಾರಣೆಯಲ್ಲಿ 12 ವರ್ಷ ಶಿಕ್ಷೆಯಾಯಿತು, 1951ಕ್ಕೇ ಬಿಡುಗಡೆ. ಅಧಿಕಾರಿಗಳನ್ನು ಕೊಂದ ಗುಂಪಿನಲ್ಲಿದ್ದ ಆಲ್ಫ್ರೆಡ್ ಸ್ಟೋರ್ಕ್‌ಗೆ ರೋಮಿನ ಮಿಲಿಟರಿ ಕೋರ್ಟು 2013ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅಷ್ಟೊತ್ತಿಗೆ ಅವನಿಗೆ 90 ವರ್ಷ. ಜರ್ಮನಿಯಲ್ಲೇ ಇದ್ದ, ಆ ಶಿಕ್ಷೆಗೆ ಒಂದು ದಿನವೂ ಜೈಲಿಗೆ ಹೋಗಲಿಲ್ಲ.

ಓದಿ ಏನನ್ನಿಸಿತು, ಬರೆ.

ನಿನ್ನ ಗೆಳೆಯ