ನಕ್ಷತ್ರದ ಪಟ್ಟಿಯಿಂದ ಕಲಿಕೆಯಾಗದು

ಮಾನ್ಯ ಸಂಪಾದಕರೇ,

ಕಳೆದ ವಾರ ಚಿತ್ರದುರ್ಗದ ಶಾಲೆಯೊಂದರಲ್ಲಿ ನಡೆದ ಪೋಷಕರ ಸಭೆಗೆ ನನ್ನ ಮೊಮ್ಮಗನ ಪರವಾಗಿ ಹೋಗಿದ್ದೆ. ಒಂದನೆಯ ತರಗತಿಯ ಗೋಡೆಯಲ್ಲಿ ಮಕ್ಕಳ ಹೆಸರಿನ ಮುಂದೆ ಹೊಳೆಯುವ ನಕ್ಷತ್ರಗಳನ್ನು ಅಂಟಿಸಿದ ಪಟ್ಟಿಯಿತ್ತು. ನಾಲ್ಕು ಹೆಸರುಗಳ ಮುಂದೆ ಜಾಗ ಸಾಲದಷ್ಟು ನಕ್ಷತ್ರ, ಹತ್ತಾರು ಹೆಸರುಗಳ ಮುಂದೆ ಬರಿ ಖಾಲಿ. ತಿಂಗಳ ಕೊನೆಯ ಶನಿವಾರ ಹೆಚ್ಚು ನಕ್ಷತ್ರ ಪಡೆದವರಿಗೆ ಚಾಕೊಲೇಟ್ ಕೊಡುವುದಾಗಿ ಶಿಕ್ಷಕಿ ಹೇಳಿದರು. ಅವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಈ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 28 ವರ್ಷ ಪಾಠ ಮಾಡಿದ ನನಗೆ ಅದು ಬಹುಮಾನ ಹಂಚುವ ಏರ್ಪಾಡಾಗಿ ಕಂಡಿತೇ ಹೊರತು ಕಲಿಸುವ ಏರ್ಪಾಡಾಗಿ ಕಾಣಲಿಲ್ಲ.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ (1904–1990) ವಿವರಿಸಿದ ಪುನರ್ಬಲನ ತತ್ವವನ್ನು ಶಿಕ್ಷಕರಾದವರೆಲ್ಲ ಪರೀಕ್ಷೆಗಾಗಿ ಒಮ್ಮೆ ಬಾಯಿಪಾಠ ಮಾಡಿದವರೇ. ಒಂದು ವರ್ತನೆಯ ಬೆನ್ನಿಗೇ ದೊರೆತ ಫಲದಿಂದ ಆ ವರ್ತನೆ ಮತ್ತೆ ಮತ್ತೆ ಮೂಡುವಂತಾದರೆ ಅದು ಪುನರ್ಬಲನ. ಇದರಲ್ಲಿ 'ಬೆನ್ನಿಗೇ' ಎಂಬ ಮಾತನ್ನೇ ನಾವು ಮರೆಯುತ್ತೇವೆ. ಮೊದಲ ವಾರ ಸರಿಯಾಗಿ ಬರೆದ 'ಳ' ಅಕ್ಷರಕ್ಕೆ ನಾಲ್ಕನೆಯ ವಾರ ಚಾಕೊಲೇಟ್ ಸಿಕ್ಕರೆ, ಅದು ಯಾತಕ್ಕೆ ಸಿಕ್ಕಿತೆಂದು ಆರು ವರ್ಷದ ಮಗುವಿಗೆ ಹೊಳೆಯುವುದಿಲ್ಲ. ಸ್ಲೇಟು ಇನ್ನೂ ಕೈಯಲ್ಲಿರುವಾಗಲೇ "ಈ ಸಲ ಕೊನೆಯ ಸುರುಳಿ ಚೆನ್ನಾಗಿ ತಿರುಗಿತು ನೋಡು" ಎಂದರೆ, ಅಕ್ಷರದ ಉಳಿದ ಭಾಗ ಸೊಟ್ಟಗಿದ್ದರೂ, ಮುಂದಿನ ಸಲ ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ಅದಕ್ಕೆ ಗೊತ್ತಾಗುತ್ತದೆ. ಬರಿಯ "ಜಾಣ" ಎಂಬ ಮಾತಿನಿಂದ ಇಷ್ಟು ತಿಳಿಯುವುದಿಲ್ಲ.

ನಮ್ಮ ಮನೆಯಲ್ಲೂ ಇಂಥ ತಪ್ಪು ನಡೆದಿತ್ತು. ಮೊಮ್ಮಗನಿಗೆ ಬೂಟಿನ ಲೇಸು ಕಟ್ಟಲು ಬರುತ್ತಿರಲಿಲ್ಲ. ಬೆಳಿಗ್ಗೆ ವ್ಯಾನಿನ ಹಾರ್ನ್ ಕೇಳಿದೊಡನೆ ಅಳಲು ಶುರುಮಾಡುತ್ತಿದ್ದ, ಸೊಸೆ ಓಡಿಬಂದು ಕಟ್ಟುತ್ತಿದ್ದಳು. ಅತ್ತರೆ ಕೆಲಸವಾಗುತ್ತದೆ ಎಂಬುದನ್ನು ನಾವೇ ಅವನಿಗೆ ದಿನವೂ ಕಲಿಸುತ್ತಿದ್ದೆವು. ಒಂದು ಭಾನುವಾರ ಅವನನ್ನು ಜಗಲಿಯ ಮೇಲೆ ಕೂರಿಸಿ, ಗಂಟು, ಕುಣಿಕೆ ಎಲ್ಲವನ್ನೂ ನಾನೇ ಹಾಕಿ, ಎರಡು ಕುಣಿಕೆಗಳನ್ನು ಎಳೆದು ಬಿಗಿ ಮಾಡುವ ಕೊನೆಯ ಹೆಜ್ಜೆಯನ್ನಷ್ಟೇ ಅವನಿಗೆ ಬಿಟ್ಟೆ. ಅದು ಕೈಗೆ ಹತ್ತಿದ ಮೇಲೆ ಎರಡನೆಯ ಕುಣಿಕೆಯನ್ನು ತೂರಿಸುವುದನ್ನೂ ಬಿಟ್ಟೆ. ಹೀಗೆ ಕೊನೆಯಿಂದ ಮೊದಲಿಗೆ ಬಂದೆವು. ಮೊದಲಿನಿಂದ ಕಲಿಸಿದ್ದರೆ ನಡುವೆ ಎಲ್ಲೋ ದಾರ ಸಡಿಲಗೊಂಡು ಸೋಲುತ್ತಿದ್ದ. ಇಲ್ಲಿ ಪ್ರತಿ ಸಲವೂ ಅವನ ಪಾಲಿನ ಕೆಲಸ ಬಿಗಿಯಾದ ಗಂಟಿನಲ್ಲೇ ಮುಗಿಯುತ್ತಿತ್ತು, ಆ ಗಂಟೇ ಅವನ ಬಹುಮಾನ. ಬುದ್ಧಿಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆ ಉಡುವುದು, ಉಣ್ಣುವುದನ್ನು ಕಲಿಸುವ ವಿಶೇಷ ಶಿಕ್ಷಕರು ಬಹುಕಾಲದಿಂದ ಬಳಸುತ್ತಿರುವ ಕ್ರಮವಿದು. ಎರಡು ವಾರ ಹಿಡಿಯಿತು. ಈಗ ವ್ಯಾನಿನವರು ಒಂದೆರಡು ನಿಮಿಷ ಕಾಯಬೇಕಾಗಿ ಬಂದು ಗೊಣಗುತ್ತಾರೆ, ಅದು ಬೇರೆ ಮಾತು.

ನೆರವನ್ನು ಹಂತಹಂತವಾಗಿ ಹಿಂತೆಗೆಯುವ ಈ ಕ್ರಮ ನಮ್ಮ ಶಾಲೆಗಳಿಗೆ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ, ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮಗು ಪೂರ್ಣ ಶಿಕ್ಷಕರ ನೆರವಿನ ಗುಂಪಿನಿಂದ ಭಾಗಶಃ ನೆರವಿನ ಗುಂಪಿಗೆ, ಅಲ್ಲಿಂದ ಗೆಳೆಯರ ನೆರವಿನ ಗುಂಪುಗಳಿಗೆ, ಕಡೆಗೆ ಸ್ವಕಲಿಕೆಗೆ ಸಾಗುತ್ತದೆ. ಕಲಿಯಬೇಕಾದದ್ದನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕೆಯ ಏಣಿಯನ್ನು ಮಗು ತನ್ನ ವೇಗದಲ್ಲೇ ಏರುವುದರಿಂದ ಪಕ್ಕದವನೊಡನೆ ಪೈಪೋಟಿಯಿಲ್ಲ.

ಹಾಗೆಂದು ಬಹುಮಾನವೇ ಬೇಡವೆಂದು ನಾನು ವಾದಿಸುತ್ತಿಲ್ಲ, ಯಾವುದಕ್ಕೆ ಮತ್ತು ಹೇಗೆ ಕೊಡುತ್ತೇವೆ ಎಂಬುದು ಮುಖ್ಯ. 1973ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿ ಬರೆಸಿದ ಮೇಲೆ, ಅವರು ಬಿಡುವಿನಲ್ಲಿ ಚಿತ್ರ ಬರೆಯುವುದು ಕಡಿಮೆಯಾಯಿತು. ಮುಂಚೆ ಹೇಳದೆ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆಗಲೇ ಆಸಕ್ತಿಯಿರುವ ಕೆಲಸಕ್ಕೆ ಆಮಿಷ ಒಡ್ಡಬಾರದು, ಇನ್ನೂ ಕೈಹತ್ತದ ಕೆಲಸದ ಪ್ರತಿ ಸಣ್ಣ ಹೆಜ್ಜೆಯನ್ನೂ ಗುರುತಿಸದೆ ಬಿಡಬಾರದು. ಗೋಡೆಯ ಪಟ್ಟಿ ಇವೆರಡಕ್ಕೂ ವಿರುದ್ಧವಾಗಿ ನಡೆಯುತ್ತಿದೆ.

ಆದ್ದರಿಂದ ಶಿಕ್ಷಣ ಇಲಾಖೆಯವರಲ್ಲಿ ನನ್ನದೊಂದು ಕೋರಿಕೆ. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಶಿಕ್ಷಕರು ಸೇರುವ ಸಮಾಲೋಚನಾ ಸಭೆಗಳಲ್ಲಿ ಒಂದನ್ನಾದರೂ ಇದಕ್ಕೆ ಮೀಸಲಿಟ್ಟು, ದಶಕ ತೆಗೆದುಕೊಂಡು ಕಳೆಯುವ ಲೆಕ್ಕವನ್ನೋ ಒತ್ತಕ್ಷರದ ಬರವಣಿಗೆಯನ್ನೋ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಶಿಕ್ಷಕರು ಪರಸ್ಪರ ಕಲಿಸಿ ನೋಡುವಂತೆ ಮಾಡಲಿ. ಆ ಸಭೆಗೆ ಖಾಸಗಿ ಶಾಲೆಗಳ ಶಿಕ್ಷಕರನ್ನೂ ಕರೆಯಲಿ.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಚಿತ್ರದುರ್ಗ