ಕಾಗೆ, ಕೊಂಬೆ ಮತ್ತು ನಮ್ಮೂರು

ಪುಟ್ಟಿ,

ಮೊನ್ನೆ ನಿನ್ನ ಮೇಲೆ ಸಿಡುಕಿ ಫೋನ್ ಇಟ್ಟುಬಿಟ್ಟೆ. ತಪ್ಪು ನಂದೇ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳಕೊಳ್ತಾರಂತೆ ಅಂತ ನಿನ್ನ ರೂಮ್‌ಮೇಟ್ ಅಂದಾಗ ನೀನು ನಕ್ಕೆಯಂತೆ, ಅವಳು ಒಂದೊಂದೇ ಹೆಸರು ಹೇಳುತ್ತಾ ಹೋದಾಗ ಸುಮ್ಮನಾದೆಯಂತೆ. "ಅಷ್ಟೂ ಜನಕ್ಕೂ ಸುಮ್ನೆ ಹಾಗಾಯ್ತಾ ಅಪ್ಪಾ?" ಅಂದೆ. ನಾಸ್ತಿಕನ ಮಗಳು ಹೀಗೆ ಕೇಳೋದಾ ಅಂತ ನನಗೆ ರೇಗಿತು. ಆದರೆ ರೇಗಿದರೆ ಉತ್ತರ ಕೊಟ್ಟಂತಾಗಲ್ಲ ಅಲ್ವಾ?

ಅವಳು ಹೇಳಿದ ಹೆಸರುಗಳೇನೂ ಸುಳ್ಳಲ್ಲ. ಗುಂಡೂರಾವ್ 1983ರಲ್ಲಿ ಸೋತರು, ಹೆಗಡೆ 1988ರಲ್ಲಿ ಇಳಿದರು, ಮಾರನೇ ವರ್ಷ ಎಸ್.ಆರ್. ಬೊಮ್ಮಾಯಿ, 1990ರಲ್ಲಿ ವೀರೇಂದ್ರ ಪಾಟೀಲ್. ಆದರೆ ಹೆಗಡೆಯವರನ್ನು ಇಳಿಸಿದ್ದು ಟೆಲಿಫೋನ್ ಕದ್ದಾಲಿಕೆ. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು ದೆಹಲಿ, ಅದು ತಪ್ಪು ಅಂತ 1994ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನಮ್ಮೂರೇನು ಮಾಡಿತ್ತು ಪಾಪ?

ಇನ್ನೊಂದು ಪಟ್ಟಿ ಯಾರೂ ಬರೆಯಲ್ಲ ನೋಡು, ಬಾರದೇ ಕುರ್ಚಿ ಕಳಕೊಂಡವರದ್ದು. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಈ ಊರಿಗೆ ಕಾಲಿಡಲಿಲ್ಲ. ನಾಲ್ಕು ಸಲ ಪ್ರಮಾಣವಚನ ತಗೊಂಡರು, ಒಂದು ಸಲವೂ ಅವಧಿ ಮುಗಿಸಲಿಲ್ಲ, 2018ರಲ್ಲಂತೂ ಮೂರೇ ದಿನ. ನಮ್ಮ ರಾಜ್ಯದಲ್ಲಿ ಐದು ವರ್ಷ ಪೂರ್ತಿ ಕೂತವರು ಅಂದ್ರೆ ನಿಜಲಿಂಗಪ್ಪ, ಅರಸು, ಸಿದ್ದರಾಮಯ್ಯ, ಅಷ್ಟೇ. ಹೀಗೆ ಎಲ್ಲರೂ ಬೀಳುವ ಕಡೆ ತಿಪಟೂರಿಗೆ ಹೋದವರ ಪಟ್ಟಿ ಮಾಡಿದರೂ ತಿಪಟೂರಿಗೆ ಶಾಪ ಇದ್ದಂಗೇ ಕಾಣುತ್ತೆ.

ನನ್ನ ಕಥೆಯನ್ನೂ ಹೇಳಿಬಿಡ್ತೀನಿ. 2013ರಿಂದ ಸಿದ್ದರಾಮಯ್ಯ ಹಲವು ಸಲ ಬಂದು ಹೋದರು. 2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಬೇರೆ ಕೂತು ಟಿವಿಯವರಿಗೆ ಹಬ್ಬ ಆಯ್ತು. ಕಾಗೆ ಕೂತಿತು, ಕೊಂಬೆ ಮುರಿಯಲಿಲ್ಲ, ಅವಧಿ ಮುಗಿಯಿತು. ನಾನು ಟೀ ಅಂಗಡಿಯಲ್ಲಿ ಬೀಗಿದ್ದೇ ಬೀಗಿದ್ದು. 2018ರ ಮೇ ತಿಂಗಳ ಚುನಾವಣೆಯಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತರಲ್ಲ, ಆಗ ಅಂಗಡಿಯವನು ಗ್ಲಾಸ್ ತೊಳೀತಾ, ತಲೆ ಎತ್ತದೇ, "ಲೇಟಾಗಿ ತಟ್ತು ಸಾರ್" ಅಂದ! ಗೆದ್ದರೂ ಸೋತರೂ ಸುಳ್ಳಾಗದ ಮಾತಿಗೆ ಏನಂತ ಉತ್ತರ ಕೊಡ್ತೀಯ? ನಾನೂ ಒಬ್ಬರದೇ ಉದಾಹರಣೆ ಹಿಡಕೊಂಡು ಕುಣಿದಿದ್ದೆ ಅನ್ನೋದು ಆಮೇಲೆ ಹೊಳೆಯಿತು.

ನನಗೆ ಜಾಸ್ತಿ ನೋವು ಜೆ.ಎಚ್. ಪಟೇಲರದ್ದು. ಸಮಾಜವಾದಿ ನಾಯಕ ಲೋಹಿಯಾ ಹಾದಿಯವರು. 1997ರಲ್ಲಿ ನಮ್ಮ ಜಿಲ್ಲೆ ಉದ್ಘಾಟನೆಗೆ ಊರಿಗೆ ಬರಲಿಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲೇ ಮುಗಿಸಿದರು. ಮುಖ್ಯಮಂತ್ರಿಯೇ ಬಾರದ ಊರಿನ ಆಸ್ಪತ್ರೆ, ರಸ್ತೆ ಯಾರ ಕಣ್ಣಿಗೆ ಬೀಳಬೇಕು? ಎರಡು ವರ್ಷದಲ್ಲಿ ಅವರೂ ಇಳಿದರು.

ತಮಾಷೆ ಅಂದ್ರೆ, ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೊಸ ಜೋಡಿಗಳು ಒಳ್ಳೇದಾಗಲಿ ಅಂತ ಇದೇ ಊರಿಗೆ ಬಂದು ಹಣ್ಣು-ಜವನ ಎಸೀತಾರೆ. ಅವರಿಗೆ ಶುಭ, ಇವರಿಗೆ ಅಶುಭ! ಪತ್ರ ಓದಿ ಹೇಳಿದ್ದಕ್ಕೆ ನಿನ್ನ ಅಜ್ಜಿ ಅವರೆಕಾಳು ಬಿಡಿಸ್ತಾ, "ಬುಡು ಮಗ, ಎಪ್ಪತ್ ವರ್ಸದಿಂದ ಇಲ್ಲೇ ಇವ್ನಿ, ನಂಗೇನಾಯ್ತು?" ಅಂದಳು. ಈಗ ಕೂತಲ್ಲಿಂದಲೇ ಕೇಳ್ತಾ ಇದ್ದಾಳೆ, ತೇರಿಗೆ ಬರ್ತೀಯಾ ಅಂತ. ನಾನಂತೂ ಹಣ್ಣು ಎಸೆಯಲ್ಲ, ನೀನು ಎಸೆದರೆ ಬೇಡ ಅನ್ನಲ್ಲ.

ನಿನ್ನ ಅಪ್ಪ