ಪೋಕರ್ ನಿಷೇಧ: ಭಾನುವಾರ ಸಹಿ ಹಾಕಲು ಬನ್ನಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ದಾವಣಗೆರೆ ವಿದ್ಯಾನಗರದ ಪಾರ್ಕಿನಲ್ಲಿ ಸೇರೋಣ. ಆನ್‌ಲೈನ್ ಪೋಕರ್ (ದುಡ್ಡು ಕಟ್ಟಿ ಆಡುವ ಇಸ್ಪೀಟ್ ಆಟ) ನಿಷೇಧ ತೆಗೆಯಿರಿ ಅಂತ ನಮ್ಮ ಸಂಸದರಿಗೆ ಕೊಡುವ ಮನವಿಗೆ ಸಹಿ ಹಾಕಬೇಕು. ಹರಿಹರ, ಚನ್ನಗಿರಿ ಕಡೆಯವರೂ ಬನ್ನಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಒಟ್ಟಿಗೆ ಮುಚ್ಚಿಸಿತು, ಅದು ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಅಂತ ನೋಡಲೇ ಇಲ್ಲ. ಎರಡೂ ಸದನಗಳಲ್ಲಿ ಎರಡೇ ದಿನಕ್ಕೆ ಮುಗಿಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಇಂಥದ್ದೇ ತಿದ್ದುಪಡಿ ತಂದಾಗ, ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತ್ತು, ಅಲ್ವಾ? ಯಾವ ಎಲೆ ಹಿಡಿಯಬೇಕು, ಯಾವಾಗ ಬಿಟ್ಟು ಏಳಬೇಕು, ಎದುರಿನವನು ಯಾಕೆ ಇಷ್ಟು ಕಟ್ಟಿದ, ಇದೆಲ್ಲ ಲೆಕ್ಕ ಹಾಕಿ ಆಡುವ ಆಟವನ್ನು ಲಾಟರಿ ಜೊತೆ ಸೇರಿಸಿದ್ದು ಸರಿಯಲ್ಲ.

ಸಾಲ ಮಾಡಿ ಆಡಿ ಮನೆ ಹಾಳು ಮಾಡಿಕೊಂಡವರಿದ್ದಾರೆ, ಅದು ಸುಳ್ಳಲ್ಲ. ಅದಕ್ಕೇ ತಿಂಗಳಿಗೆ ಇಷ್ಟೇ ಹಣ ಕಟ್ಟಬೇಕು ಅನ್ನುವ ಮಿತಿ, ವಯಸ್ಸಿನ ತಪಾಸಣೆ, ದೂರು ಕೇಳಲು ಒಂದು ಪ್ರಾಧಿಕಾರ, ಇವನ್ನೂ ಮನವಿಯಲ್ಲಿ ಬರೆದಿದ್ದೇವೆ. ಸುಮ್ನೆ ಬಂದ್ ಮಾಡಿದರೆ ಜನ ವಿದೇಶಿ ಆ್ಯಪ್‌ಗಳಿಗೆ ಹೋಗುತ್ತಾರೆ. ಅಲ್ಲಿ ದುಡ್ಡು ಸಿಕ್ಕಿಕೊಂಡರೆ ಯಾರನ್ನು ಕೇಳುವುದು?

ಇನ್ನೊಂದು ಮಾತು. ಅಂಥ ಆ್ಯಪ್‌ಗಳ ಲಿಂಕ್ ಈ ಗುಂಪಿನಲ್ಲಿ ಯಾರೂ ಹಾಕಬೇಡಿ. ಆಡುವವರಿಗೆ ಈ ಕಾನೂನಿನಲ್ಲಿ ಶಿಕ್ಷೆ ಇಲ್ಲ, ಆದರೆ ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಬರುವಾಗ ವೋಟರ್ ಐಡಿ ಜೆರಾಕ್ಸ್ ತನ್ನಿ. ಬರಲು ಆಗದವರು ಶನಿವಾರದೊಳಗೆ ನನಗೆ ಮೆಸೇಜ್ ಮಾಡಿ.